ಬೀಗಿತ್ತಿಯ ಭಾಷೆ

ಡಿಸೆಂಬರ್ ಮೊದಲ ವಾರ ಡಾಕ್ಟರಮ್ಮ ಸ್ಕ್ಯಾನಿಂಗ್ ರಿಪೋರ್ಟ್ ನೋಡಿ, ಮಾಸು ಕೆಳಗೆ ಕೂತಿದೆ, ಘಾಟಿ ರಸ್ತೆಯ ಪ್ರಯಾಣ ಕೂಡದು ಎಂದುಬಿಟ್ಟರು. ಶ್ರೀನಗರ ಬಡಾವಣೆಯ ಸಿದ್ದಲಿಂಗಯ್ಯನವರ ಮನೆಗೆ ಅಲ್ಲಿಂದ ತಲೆನೋವು ಶುರುವಾಯಿತು. ಸೊಸೆ ಶಿಲ್ಪಶ್ರೀಗೆ ಆಗ ಏಳನೇ ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತೇನೆಂದು ಆಫೀಸಿನಲ್ಲಿ ರಜೆಯನ್ನೂ ಹೇಳಿಟ್ಟಿದ್ದಳು. ತವರೆಂದರೆ ಮೂಡಬಿದಿರೆಯ ಪಕ್ಕದ ಹಳ್ಳಿ. ಅಲ್ಲಿ ಅವಳ ತಾಯಿ ಗುಲಾಬಿ ಮಗನ ಸಂಸಾರದ ಜೊತೆಗಿದ್ದರು. ಬೀಡಿ ಕಟ್ಟಿ ಮಕ್ಕಳಿಬ್ಬರನ್ನೂ ಓದಿಸಿದ ಹೆಂಗಸು.

"ಅದಕ್ಕೇನಂತೆ? ಬೀಗಿತ್ತಿನೇ ಇಲ್ಲಿಗೆ ಬರ್ಲಿ. ಬಾಣಂತನ ಇಲ್ಲೇ ಮಾಡ್ಲಿ" ಎಂದರು ಸಿದ್ದಲಿಂಗಯ್ಯ, ಭಾನುವಾರದ ಊಟಕ್ಕೆ ಕೂತಾಗ. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಕಡತ ವಿಲೇವಾರಿ ಮಾಡಿದವರು, ಮನೆಯ ವಿಷಯವನ್ನೂ ಹಾಗೇ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದರು.

"ಅಮ್ಮ ಬರುದಿಲ್ಲ ಅಂತೆ ಮಾವ" ಎಂದಳು ಶಿಲ್ಪಶ್ರೀ.

"ಯಾಕಂತೆ?"

"ಭಾಷೆ ಬರುದಿಲ್ಲ, ಎರಡು ತಿಂಗಳು ಬಾಯಿ ಮುಚ್ಚಿ ಕೂರ್ಲಿಕ್ಕೆ ತನ್ನಿಂದ ಆಗುದಿಲ್ಲ ಅಂತಾರೆ."

"ಕನ್ನಡ ಅರ್ಥ ಆಗುತ್ತಲ್ಲಮ್ಮ ಅವರಿಗೆ?"

"ಅರ್ಧ ಆಗುತ್ತೆ ಅಪ್ಪ" ಎಂದ ಮಗ ಶರಣ್. "ಮಾತಾಡೋಕೆ ನಾಚಿಕೆ ಅವರಿಗೆ. ಮದುವೆಲಿ ನೋಡಿಲ್ವಾ, ಯಾರು ಏನ್ ಕೇಳಿದ್ರೂ ನಕ್ಕೊಂಡು ನಿಂತಿದ್ರು."

ಸಿದ್ದಲಿಂಗಯ್ಯನವರ ಹೆಂಡತಿ ಸಿದ್ದಗಂಗಮ್ಮ ಮುದ್ದೆಯ ಮೇಲೆ ಸಾರು ಬಿಡುತ್ತಾ, "ನಾನಿಲ್ವಾ? ಎಲ್ಲಾ ನಾನೇ ಮಾಡ್ತೀನಿ. ಎಣ್ಣೆ, ನೀರು, ಪಥ್ಯ, ಯಾವುದ್ರಲ್ಲೂ ಕಮ್ಮಿ ಮಾಡಲ್ಲ" ಎಂದರು.

"ಸರಿ ಅತ್ತೆ" ಎಂದಳು ಶಿಲ್ಪಶ್ರೀ. ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದಳು. ಬಚ್ಚಲುಮನೆಯ ನಲ್ಲಿ ಜೋರಾಗಿ ತಿರುಗಿಸಿಕೊಂಡು ಅತ್ತಳು. ಇಪ್ಪತ್ತು ಮೂವತ್ತರ ಸೈಟಿನ ಮನೆ ಅದು. ನಲ್ಲಿ ಎಷ್ಟು ಜೋರಾಗಿ ಬಿಟ್ಟರೂ ಅಳು ಕೇಳುತ್ತದೆ.

ಸಿದ್ದಗಂಗಮ್ಮನಿಗೆ ತಮ್ಮ ಬಾಣಂತನ ನೆನಪಾಯಿತು. ಶರಣ್ ಹುಟ್ಟುವ ಹೊತ್ತಿಗೆ ಅವರ ತಾಯಿ ತೀರಿಕೊಂಡು ವರ್ಷವಾಗಿತ್ತು. ಅತ್ತೆಯೇ ಬಾಣಂತನ ಮಾಡಿದರು, ಏನೂ ಕೊರತೆ ಮಾಡಲಿಲ್ಲ, ಹಾಗೆಂದು ಊರಿಗೆಲ್ಲ ಹೇಳಿಕೊಂಡೂ ಬಂದರು. ಆದರೆ ಬೆನ್ನ ಮೇಲೆ ಬಿಸಿನೀರು ಬೀಳುವಾಗ ಅಮ್ಮಾ ಎಂದು ಅತ್ತದ್ದನ್ನು ಸಿದ್ದಗಂಗಮ್ಮ ಮೂವತ್ತನಾಲ್ಕು ವರ್ಷವಾದರೂ ಮರೆತಿರಲಿಲ್ಲ. ಈ ಹುಡುಗಿಗೆ ತಾಯಿ ಇದ್ದೂ ಆ ಗತಿ ಬರಬಾರದು. ಅಡ್ಡಿ ಇರುವುದು ಭಾಷೆಯೊಂದೇ ತಾನೆ, ಅದನ್ನು ಕಲಿತರಾಯಿತು ಎಂದುಕೊಂಡರು. ಮಗನ ಮದುವೆಯಾಗಿ ಮೂರು ವರ್ಷವಾಯಿತಲ್ಲ, ಇಷ್ಟು ದಿನ ಯಾಕೆ ಕಲಿಯಲಿಲ್ಲ ಎಂದು ಕೇಳಿದರೆ, ಬೇಕು ಅನ್ನಿಸಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ಮೊದಲ ನಾಲ್ಕು ದಿನ ಮೊಬೈಲಿನಲ್ಲಿ ತುಳು ಕಲಿಸುವ ವಿಡಿಯೊ ಹಾಕಿಕೊಂಡರು. ಒಂದರಿಂದ ಹತ್ತರವರೆಗೆ ಎಣಿಸುವುದು, ಹಣ್ಣುಗಳ ಹೆಸರು. ಬೀಗಿತ್ತಿ ಮನೆಗೆ ಬಂದರೆ ಹಣ್ಣಿನ ಹೆಸರು ಒಪ್ಪಿಸಿ ಏನು ಮಾಡುವುದು? ಐದನೇ ದಿನ ಹನುಮಂತನಗರದ ಸೋಮನಾಥ್ ಹೋಟೆಲಿಗೆ ಹೋಗಿ ಗಲ್ಲಾದ ಮುಂದೆ ನಿಂತರು. ಸಿದ್ದಲಿಂಗಯ್ಯ ಇಪ್ಪತ್ತು ವರ್ಷದಿಂದ ವಾಕಿಂಗ್ ಮುಗಿಸಿ ಕಾಫಿ ಕುಡಿಯುತ್ತಿದ್ದ ಹೋಟೆಲು ಅದು. ಸೋಮನಾಥ್ ಕಾರ್ಕಳದ ಕಡೆಯವರು.

"ಸೋಮನಾಥ್ ಅವ್ರೇ, ನಂಗೆ ತುಳು ಕಲಿಸಿಕೊಡ್ತೀರಾ?"

ಅವರು ಚಿಲ್ಲರೆ ಕೊಡುತ್ತಿದ್ದ ಕೈ ನಿಲ್ಲಿಸಿದರು. "ಎಂತಕ್ಕೆ ಅಮ್ಮ ಈಗ?"

"ಬೀಗಿತ್ತಿ ಹತ್ರ ಮಾತಾಡ್ಬೇಕು. ಎರಡು ತಿಂಗಳಿದೆ."

"ನನಗೆ ಪುರುಸೊತ್ತಿಲ್ಲ. ಹಿಂದೆ ಅಡುಗೆಮನೆಯಲ್ಲಿ ಜಲಜಾಕ್ಷಿ ಇದ್ದಾಳೆ, ಕೇಳಿ ನೋಡಿ. ಅವಳ ಬಾಯಿ ನಿಲ್ಲುದೇ ಇಲ್ಲ."

ಜಲಜಾಕ್ಷಿ ಐವತ್ತರ ಹೆಂಗಸು. ಇನ್ನಿಬ್ಬರು ಹೆಂಗಸರ ಜೊತೆ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ವಿಷಯ ಕೇಳಿ ಸಿದ್ದಗಂಗಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

"ಕಲಿಸ್ತೇನೆ ಅಕ್ಕ. ಆದ್ರೆ ಕೆಲಸ ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಜೊತೆಗೆ ಕೂತು ಕಾಯಿ ಬಿಡಿಸಿ. ಇನ್ನೊಂದು ಮಾತು. ಈ ಹೊಸ್ತಿಲು ದಾಟಿದ ಮೇಲೆ ಕನ್ನಡ ಇಲ್ಲ. ಒಂದು ಕನ್ನಡ ಮಾತಿಗೆ ಒಂದು ತೆಂಗಿನಕಾಯಿ ತುರೀಬೇಕು. ಒಪ್ಪಿಗೆಯಾ?"

"ಒಪ್ಪಿಗೆ" ಎಂದರು ಸಿದ್ದಗಂಗಮ್ಮ.

"ಇದು ಒಂದು ಕಾಯಿ" ಎಂದಳು ಜಲಜಾಕ್ಷಿ.

ಮೊದಲ ವಾರ ಸಿದ್ದಗಂಗಮ್ಮ ಕಲಿತದ್ದಕ್ಕಿಂತ ತುರಿದದ್ದೇ ಹೆಚ್ಚು. ಸೋಮನಾಥ್‌ಗಂತೂ ಚಟ್ನಿಯ ಚಿಂತೆ ಇರಲಿಲ್ಲ. ದಿನಾ ಹನ್ನೊಂದರಿಂದ ಒಂದರವರೆಗೆ, ಗುಡ್ಡದ ದೇವಸ್ಥಾನಕ್ಕೆಂದು ಮನೆಯಲ್ಲಿ ಹೇಳಿ ಹೊರಡುತ್ತಿದ್ದರು. ಕಲಿಯುವ ಮೊದಲೇ ಹೇಳಿದರೆ ನಗುತ್ತಾರೆ, ಕಲಿಯದೆ ಹೋದರೆ ಇನ್ನೂ ನಗುತ್ತಾರೆ. ಎರಡನೇ ವಾರಕ್ಕೆ "ವಣಸ್ ಆಂಡಾ?" ಎಂದು ಊಟವಾಯಿತೇ ಎಂದು ಕೇಳುವುದು ಬಂತು. ಮೂರನೇ ವಾರಕ್ಕೆ ಜಲಜಾಕ್ಷಿ ತನ್ನ ಗಂಡನನ್ನು ಯಾಕೆ ಬಿಟ್ಟಳು ಎಂಬುದೂ ಅರ್ಥವಾಯಿತು. ಸಿದ್ದಗಂಗಮ್ಮ ತಪ್ಪು ತಪ್ಪಾಗಿ ತಮ್ಮ ಗಂಡನ ಬಗ್ಗೆ ನಾಲ್ಕು ಮಾತು ಹೇಳಿದಾಗ ಮೂವರು ಹೆಂಗಸರೂ ಅವರೆಕಾಯಿ ಬಿಟ್ಟು ನಕ್ಕರು. ಹಾಗೆ ಬಾಯಿ ತುಂಬ ಮಾತಾಡಿ ಎಷ್ಟು ವರ್ಷವಾಗಿತ್ತೋ ಎಂದು ಅವರಿಗೇ ಅನ್ನಿಸಿತು.

ಗುಟ್ಟು ರಟ್ಟಾದದ್ದು ಪರಮಶಿವಯ್ಯನಿಂದ. ಅವರು ಸಿದ್ದಲಿಂಗಯ್ಯನವರ ವಾಕಿಂಗ್ ಗೆಳೆಯರು. ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಸ್ಕೂಟರ್ ನಿಲ್ಲಿಸಿದಾಗ ಕಂಡುಬಿಟ್ಟರು. ಮಾರನೆಯ ದಿನ ಸಿದ್ದಲಿಂಗಯ್ಯ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ನನ್ನ ಪೆನ್ಷನ್ ಸಾಲ್ತಿಲ್ವೇನೇ ನಿಂಗೆ?"

"ಯಾಕ್ರೀ?"

"ಹೋಟೆಲಲ್ಲಿ ಅವರೆಕಾಯಿ ಬಿಡಿಸ್ತಿದ್ದೀಯಂತೆ! ನಿಮ್ಮ ಮನೆಯವರು ಕೆಲಸಕ್ಕೆ ಸೇರಿದ್ರಾ ಅಂತ ಪರಮಶಿವಯ್ಯ ನಾಲ್ಕು ಜನರ ಮುಂದೆ ಕೇಳ್ದ. ಎಲ್ಲಿ ಮುಖ ಇಟ್ಕೊಳ್ಳಲಿ?"

"ಇರೋ ಕಡೆನೇ ಇಟ್ಕೊಳ್ಳಿ. ಮೆತ್ತಗೆ ಮಾತಾಡಿ, ಶಿಲ್ಪ ಮಲಗಿದಾಳೆ" ಎಂದು ಅವರನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ವಿಷಯ ಹೇಳಿದರು.

ಸಿದ್ದಲಿಂಗಯ್ಯ ಒಂದು ಲೋಟ ನೀರು ಕುಡಿದರು. "ಅರವತ್ತೆರಡಕ್ಕೆ ನಾಲಿಗೆ ತಿರುಗುತ್ತೇನೇ?"

"ತಿರುಗಿದಷ್ಟು ತಿರುಗಲಿ."

"ಮತ್ತೆ ಸಂಜೆ ಭುಜಕ್ಕೆ ಎಣ್ಣೆ ಹಚ್ಚು ಅಂತ ನನ್ನ ಪ್ರಾಣ ತಿಂತಿದ್ದದ್ದು?"

"ತೆಂಗಿನಕಾಯಿ" ಎಂದರು ಸಿದ್ದಗಂಗಮ್ಮ, ತಪ್ಪು ಒಪ್ಪಿಕೊಂಡವರಂತೆ. ಸಿದ್ದಲಿಂಗಯ್ಯನಿಗೆ ಸಿಟ್ಟಿನ ನಡುವೆಯೂ ನಗು ಬಂತು. ಯಾರಿಗೂ ಹೇಳುವುದಿಲ್ಲವೆಂದು ಒಪ್ಪಿಕೊಂಡರು. ಆದರೆ ಹಿತ್ತಲ ಬಾಗಿಲಿಗೆ ಒಂದು ಪರದೆ ಹಾಕಿಸಲು ಸೋಮನಾಥ್‌ಗೆ ಹೇಳಿ ಬಂದರು.

ಸಂಕ್ರಾಂತಿ ಕಳೆದ ಮೇಲೆ ಶಿಲ್ಪಶ್ರೀ ಮನೆಯಿಂದಲೇ ಕೆಲಸ ಮಾಡತೊಡಗಿದಳು. ಒಂದು ಸಂಜೆ ದಿವಾನದ ಮೇಲೆ ಕಾಲು ಚಾಚಿಕೊಂಡು ತಾಯಿಯ ಜೊತೆ ಫೋನಿನಲ್ಲಿದ್ದಳು. ಮಾವನ ಗೊರಕೆಯ ವಿಷಯ ಬಂತು. ಮೊದಲು ಲಾರಿ ಘಾಟಿ ಹತ್ತುತ್ತದೆ, ಆಮೇಲೆ ಗೇರ್ ಬದಲಾಗುತ್ತದೆ, ಕೊನೆಗೆ ಟಯರ್ ಪಂಚರ್ ಆಗಿ ನಿಲ್ಲುತ್ತದೆ ಎಂದು ತುಳುವಿನಲ್ಲಿ ವರ್ಣಿಸುತ್ತಿದ್ದಳು. ಅಡುಗೆಮನೆಯಲ್ಲಿ ಸೊಪ್ಪು ಹೆಚ್ಚುತ್ತಿದ್ದ ಸಿದ್ದಗಂಗಮ್ಮ ತಡೆಯಲಾರದೆ ಗಟ್ಟಿಯಾಗಿ ನಕ್ಕುಬಿಟ್ಟರು.

ಶಿಲ್ಪಶ್ರೀ ಫೋನ್ ಇಟ್ಟಳು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅತ್ತೆ, ನಿಮಗೆ ತುಳು ಬರ್ತದಾ?"

"ಸ್ವಲ್ಪ ಸ್ವಲ್ಪ."

"ಯಾವಾಗಿಂದ?"

"ಡಿಸೆಂಬರಿಂದ."

"ಒಂದೂವರೆ ತಿಂಗಳಿಂದ ನನ್ನ ಫೋನ್ ಕೇಳ್ತಾ ಇದ್ದೀರಿ. ಒಂದು ಮಾತು ಹೇಳ್ಲಿಲ್ಲ!" ಅವಳ ಮುಖ ಕೆಂಪಾಗಿತ್ತು. "ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಅತ್ತೆ. ಅಮ್ಮನ ಹತ್ರ ಏನು ಬೇಕಾದ್ರೂ ಹೇಳ್ಬಹುದು ಅಂತ ಒಂದು ಧೈರ್ಯ ಇತ್ತು."

"ಕೇಳೋಕೆ ಕಲಿತಿದ್ದಲ್ಲ ಶಿಲ್ಪಾ. ನಿಮ್ಮಮ್ಮನ್ನ ಕರೆಸೋಕೆ ಕಲಿತಿದ್ದು. ಭಾಷೆ ಬರಲ್ಲ ಅಂತ ತಾನೆ ಬರ್ತಿಲ್ಲ ಅವ್ರು?"

"ಹಾಗಾದ್ರೆ ಕರೀರಿ. ನಾನು ಹತ್ತು ಸಲ ಕೇಳಿ ಸೋತಿದ್ದೇನೆ. ನೀವೇ ಫೋನ್ ಮಾಡಿ ಕರೀರಿ" ಎಂದು ಹೇಳಿ ಕೋಣೆಗೆ ಹೋದಳು. ಮಾರನೆಯ ದಿನದಿಂದ ಫೋನ್ ಮಾಡಲು ಮಹಡಿ ಹತ್ತತೊಡಗಿದಳು, ಆ ಹೊಟ್ಟೆ ಹೊತ್ತುಕೊಂಡು. ಶರಣ್ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದು ತಡವಾಗಿ ಬರತೊಡಗಿದ. ಗಂಡಸರಿಗೆ ಆ ಒಂದು ಅನುಕೂಲವಿದೆ.

ಎರಡು ದಿನದ ನಂತರ, ಶಿಲ್ಪಶ್ರೀ ಗಂಡನ ಜೊತೆ ಆಸ್ಪತ್ರೆಗೆ ಹೋಗಿದ್ದಾಗ, ಸಿದ್ದಗಂಗಮ್ಮ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಗುಲಾಬಿಗೆ ಫೋನ್ ಮಾಡಿದರು. ಮಾತೆಲ್ಲ ತುಳುವಿನಲ್ಲೇ ನಡೆಯಿತು. ಓದುವವರಿಗಾಗಿ ಇಲ್ಲಿ ಕನ್ನಡದಲ್ಲಿ ಬರೆದಿದೆ.

"ಯಾರು?" ಎಂದರು ಗುಲಾಬಿ.

"ನಾನು, ಶಿಲ್ಪನ ಅತ್ತೆ. ಊಟ ಆಯ್ತಾ?"

ಆ ಕಡೆ ಏನೋ ಕೆಳಗೆ ಬಿದ್ದ ಸದ್ದಾಯಿತು. "ಅಯ್ಯೋ ದೇವರೇ! ನೀವು ಯಾವಾಗ ತುಳು ಕಲಿತದ್ದು?"

ಸಿದ್ದಗಂಗಮ್ಮ ಹೋಟೆಲು, ಜಲಜಾಕ್ಷಿ, ತೆಂಗಿನಕಾಯಿ ಎಲ್ಲ ಹೇಳಿದರು. ಗುಲಾಬಿ ನಕ್ಕರು. ಕಾಲು ಗಂಟೆ ಮಾತಾಡಿದರು. ಮಗಳ ಕಾಲು ಬಾವು ಬಂದಿದೆಯೇ, ನಿದ್ದೆ ಬರುತ್ತದೆಯೇ ಎಂದು ಗುಲಾಬಿ ಕೇಳಿದ್ದೇ ಕೇಳಿದ್ದು. ಇನ್ನು ದಾರಿ ಸುಗಮವಾಯಿತು ಎನ್ನಿಸಿ ಸಿದ್ದಗಂಗಮ್ಮ, "ಈಗ ಮಾತಿಗೆ ನಾನಿದ್ದೀನಲ್ಲ. ಮನೆಗೆ ಬನ್ನಿ" ಎಂದರು.

ಗುಲಾಬಿ ಎದ್ದು ಬಾಗಿಲು ಮುಂದೆ ಮಾಡಿದ್ದು ಕೇಳಿಸಿತು.

"ಭಾಷೆ ಅಂತ ಸುಮ್ಮನೆ ಹೇಳಿದ್ದು" ಎಂದರು ಕೊನೆಗೆ. "ನಿಮಗೆ ತುಳು ಬಾರದಿದ್ದರೆ ಇದನ್ನು ಹೇಳ್ತಿರಲಿಲ್ಲ. ಮಗಳಿಗೂ ಹೇಳಿಲ್ಲ, ಅವಳು ಅಲ್ಲಿ ಬಾಳಬೇಕಾದವಳು. ಮಗಳನ್ನು ಮನೆ ತುಂಬಿಸಿದ ದಿನ ರಾತ್ರಿ ಬಸ್ಸಿಳಿದು ಬಂದಿದ್ದೆ. ಬಾಯಾರಿತ್ತು. ದೇವರ ಕೋಣೆಯ ಹತ್ತಿರ ತಾಮ್ರದ ತಂಬಿಗೆಯಲ್ಲಿ ನೀರಿತ್ತು, ಎತ್ತಿ ಕುಡಿದೆ. ನೀವು ನಗುತ್ತಲೇ ಅದನ್ನು ತಗೊಂಡು ಹಿತ್ತಲಿಗೆ ಹೋದಿರಿ. ನೀರನ್ನು ಗಿಡಕ್ಕೆ ಚೆಲ್ಲಿದಿರಿ. ಹುಣಸೆಹಣ್ಣು ಹಾಕಿ ಉಜ್ಜಿದಿರಿ. ಮೂರು ಸಲ ತೊಳೆದಿರಿ. ಕಾಲು ತೊಳೀಲಿಕ್ಕೆ ನಾನೂ ಹಿಂದೆಯೇ ಬಂದಿದ್ದೆ, ನೀವು ನೋಡಲಿಲ್ಲ. ಎರಡು ತಿಂಗಳು ಆ ಮನೆಯ ಪಾತ್ರೆ ಮುಟ್ಟಿಕೊಂಡು ನಾನು ಹೇಗೆ ಇರುದು, ಹೇಳಿ?"

ಸಿದ್ದಗಂಗಮ್ಮನಿಗೆ ಒಂದೊಂದು ಮಾತೂ ಅರ್ಥವಾಯಿತು. ಅರ್ಥವಾಗದೆ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸುವಷ್ಟು ಅರ್ಥವಾಯಿತು. ಗುಲಾಬಿ, "ಒಲೆಯ ಮೇಲೆ ಅನ್ನ ಇಟ್ಟಿದ್ದೇನೆ" ಎಂದು ಫೋನ್ ಇಟ್ಟರು.

ಮಧ್ಯಾಹ್ನ ಸಿದ್ದಲಿಂಗಯ್ಯ ಪೇಪರ್ ಓದುತ್ತಿದ್ದಾಗ ಸಿದ್ದಗಂಗಮ್ಮ ಎದುರಿಗೆ ಕೂತು ಎಲ್ಲ ಹೇಳಿದರು.

"ಅದು ಅಗ್ಗಣಿ ತಂಬಿಗೆ ಕಣೇ. ಲಿಂಗಪೂಜೆ ನೀರು. ಯಾರು ಮುಟ್ಟಿದ್ರೂ ತೊಳೀತೀವಿ. ಅದನ್ನ ಅವರಿಗೆ ಬಿಡಿಸಿ ಹೇಳು, ಸರಿಹೋಗುತ್ತೆ."

"ಯಾರು ಮುಟ್ಟಿದ್ರೂನಾ?"

"ಮತ್ತೆ?"

"ಹೋದ ಶ್ರಾವಣದಲ್ಲಿ ನಿಮ್ಮ ತಂಗಿ ಅದ್ರಲ್ಲೇ ಎತ್ತಿ ಕುಡಿದ್ಲು. ನಾನು ನೀರು ಬದಲಾಯಿಸಿ ಇಟ್ಟೆ, ಅಷ್ಟೇ. ಹುಣಸೆಹಣ್ಣು ಹಾಕ್ಲಿಲ್ಲ. ಮೂರು ಸಲ ತೊಳೀಲಿಲ್ಲ."

ಸಿದ್ದಲಿಂಗಯ್ಯ ಪೇಪರ್ ಮಡಚಿದರು. ಮತ್ತೆ ಬಿಡಿಸಿದರು.

"ಅವರು ಮೀನು ತಿನ್ನೋ ಕೈ ಅಂತ ನನ್ನ ಮನಸ್ಸಲ್ಲಿತ್ತು ಕಣ್ರೀ" ಎಂದರು ಸಿದ್ದಗಂಗಮ್ಮ. "ಅದಕ್ಕಿಂತ ಹೆಚ್ಚಿಂದೂ ಇತ್ತೇನೋ. ಎಲ್ರೂ ಒಂದೇ ಅಂತ ಮನೆಗೆ ಬಂದವರಿಗೆಲ್ಲ ಹೇಳ್ತೀವಿ. ಬೇರೆ ಜಾತಿಯಿಂದ ಸೊಸೆ ತಂದ್ವಿ. ಅವಳ ತಾಯಿ ಮುಟ್ಟಿದ ತಂಬಿಗೆನ ಹಂಗೆ ಉಜ್ಜಿದೀನಿ. ನಾಚಿಕೆ ಆಗುತ್ತೆ ನಂಗೆ."

"ಈಗೇನ್ ಮಾಡ್ತೀಯಾ?"

"ಗೊತ್ತಿಲ್ಲ."

ಮಾರನೆಯ ದಿನ ಹೋಟೆಲಿಗೆ ಹೋದವರು ಅವರೆಕಾಯಿಯ ರಾಶಿಯ ಮುಂದೆ ಕೂತು ಒಂದು ಕಾಯನ್ನೂ ಬಿಡಿಸಲಿಲ್ಲ. ತಪ್ಪಾಯಿತು ಎನ್ನುವುದನ್ನು ಹೇಗೆ ಹೇಳುವುದು ಎಂದು ಕೇಳಿದರು. ಜಲಜಾಕ್ಷಿ ಅವರ ಮುಖ ನೋಡಿದಳು. ಆವತ್ತು ನಿಯಮ ಮುರಿದವಳು ಅವಳೇ.

"ಎನಡ್ದ್ ತಪ್ಪಾಂಡ್. ನನ್ನಿಂದ ತಪ್ಪಾಯ್ತು ಅಂತ."

"ಇಷ್ಟೇನಾ?"

"ಇಷ್ಟೇ ಅಕ್ಕ. ಮಾತು ಉದ್ದ ಇಲ್ಲ. ಬಾಯಿ ಬಿಡುದೇ ಕಷ್ಟ." ಯಾರಿಗೆ, ಯಾಕೆ ಎಂದು ಅವಳು ಕೇಳಲಿಲ್ಲ. ಎದ್ದು ಹೋಗಿ ಒಂದು ಲೋಟ ಕಾಫಿ ತಂದಿಟ್ಟಳು.

ಭಾನುವಾರ ತಿಂಡಿಗೆ ಅಕ್ಕಿರೊಟ್ಟಿ ಮಾಡಿದ್ದರು. ಎಲ್ಲರ ತಿಂಡಿ ಮುಗಿದು ಶಿಲ್ಪಶ್ರೀ ಫೋನ್ ಹಿಡಿದುಕೊಂಡು ಮಹಡಿಯ ಕಡೆ ಹೊರಟಳು.

"ಶಿಲ್ಪಾ, ಇಲ್ಲಿ ಕೂತ್ಕೋ" ಎಂದರು ಸಿದ್ದಗಂಗಮ್ಮ. "ನಿಮ್ಮಮ್ಮಂಗೆ ಫೋನ್ ಹಚ್ಚಿಕೊಡು. ನಾನು ಮಾತಾಡ್ಬೇಕು. ನೀನು ಎದುರಿಗೇ ಇರು."

"ಎಂತಕ್ಕೆ ಅತ್ತೆ? ನಿಮ್ಮ ಹತ್ರ ನಂಬರ್ ಉಂಟಲ್ಲ."

"ನಿನ್ನ ಮುಂದೆ ಮಾತಾಡ್ಬೇಕು, ಅದಕ್ಕೆ."

"ಅಮ್ಮ, ಏನಾಯ್ತು?" ಎಂದ ಶರಣ್. ಸಿದ್ದಲಿಂಗಯ್ಯ ಮಗನ ಕೈ ಹಿಡಿದು ಕೂರಿಸಿದರು.

ಫೋನ್ ಹೋಯಿತು. ಗುಲಾಬಿ ಎತ್ತಿದರು. ಸಿದ್ದಗಂಗಮ್ಮ ಕುರ್ಚಿಯಿಂದ ಎದ್ದು ನಿಂತು ಮಾತಾಡಿದರು. ತುಳುವಿನಲ್ಲಿ, ನಿಧಾನವಾಗಿ, ಪದ ಸಿಗದ ಕಡೆ ನಿಂತು ನಿಂತು.

"ಆವತ್ತು ನಾನು ತಂಬಿಗೆ ತೊಳೆದದ್ದು ನಿಜ. ಪೂಜೆಯ ತಂಬಿಗೆ ಅದು. ಹಾಗೆ ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ನಮ್ಮವರು ಮುಟ್ಟಿದಾಗ ನಾನು ಹಾಗೆ ತೊಳೆದಿಲ್ಲ. ನೀವು ಮುಟ್ಟಿದ್ದಕ್ಕೆ ತೊಳೆದೆ. ಎನಡ್ದ್ ತಪ್ಪಾಂಡ್."

ಶಿಲ್ಪಶ್ರೀ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅತ್ತೆಯನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ಅದರಲ್ಲಿ ಸಿಟ್ಟು ಎಷ್ಟು, ದುಃಖ ಎಷ್ಟು ಎಂದು ಹೇಳುವಂತಿರಲಿಲ್ಲ. "ಏನಂತೆ? ಏನ್ ಹೇಳಿದ್ದು ಅಮ್ಮ?" ಎಂದು ಶರಣ್ ಮೆಲ್ಲಗೆ ಕೇಳಿದ. ಅವಳು ಕೈಯೆತ್ತಿ ಅವನನ್ನು ತಡೆದಳು.

ಗುಲಾಬಿ, "ಇನ್ನೊಂದು ಸಲ ಹೇಳಿ" ಎಂದರು.

ಸಿದ್ದಗಂಗಮ್ಮ ಇನ್ನೂ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಮೊದಲಿನಿಂದ ಕೊನೆಯವರೆಗೆ ಮತ್ತೆ ಹೇಳಿದರು. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು.

"ಶನಿವಾರದ ಬಸ್ಸಿಗೆ ಬರ್ತೇನೆ" ಎಂದರು ಗುಲಾಬಿ. "ಬಾಣಂತಿ ಎಣ್ಣೆ ಅಲ್ಲಿ ತಗೊಳ್ಳಬೇಡಿ. ನಾನೇ ಕಾಯಿಸಿ ತರ್ತೇನೆ."

ಸಿದ್ದಗಂಗಮ್ಮ ಕುರ್ಚಿಯಲ್ಲಿ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. "ನನ್ನ ತುಳು ಇನ್ನೂ ಸರಿಯಾಗಿಲ್ಲ ಬೀಗಿತ್ತಿ. ಮೊದಲನೇ ಸಲ ಅರ್ಥ ಆಗ್ಲಿಲ್ಲ ಅಲ್ವಾ?"

"ಅರ್ಥ ಆಗಿತ್ತು" ಎಂದರು ಗುಲಾಬಿ. "ಇನ್ನೊಂದು ಸಲ ಕೇಳಬೇಕು ಅಂತ ಆಯ್ತು."